ಸತ್ಯಪ್ಪನ ಸ್ವರ್ಗರಥ

ಸತ್ತವರಿಗೆ ಎಂದೂ ಅವಸರವಿರುವುದಿಲ್ಲ, ಅವಸರವೆಲ್ಲ ಹೊತ್ತವರದು. ಬೇಡಕಿಹಾಳ ಬೆಳೆಯುತ್ತ ಬೆಳೆಯುತ್ತ ಸುಡುಗಾಡು ಕಬ್ಬಿನ ಹೊಲಗಳನ್ನು ದಾಟಿ ಹೊಳೆಯ ದಂಡೆಗೆ ಸರಿದ ಮೇಲಂತೂ, ಹೆಗಲು ಕೊಟ್ಟವರು ಅರ್ಧ ದಾರಿಯಲ್ಲೇ ಸತ್ತವನ ಗುಣ ಬಿಟ್ಟು ತೂಕದ ಬಗ್ಗೆ ಮಾತಾಡತೊಡಗಿದ್ದರು.

ಧರೆಪ್ಪನ ತಂದೆ ಸತ್ಯಪ್ಪ ತೀರಿಕೊಂಡಾಗ ಹೆಗಲುಗಳಿಗೇ ಬರ ಬಂತು. ಕಬ್ಬು ಕಡಿಯುವ ಸುಗ್ಗಿ ಎಂಬುದು ಒಂದು ನೆಪ. ನಿಜವೆಂದರೆ ಸತ್ಯಪ್ಪ ಬಾಳಿದಷ್ಟು ಕಾಲ ತನ್ನ ಬಾವಿಯ ಹಗ್ಗವನ್ನು ಕೂಡ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಕೊನೆಗೆ ಕಬ್ಬು ಸಾಗಿಸುವ ಟ್ರಾಲಿಯಲ್ಲಿ ರವದಿ, ಅಂದರೆ ಕಬ್ಬಿನ ಒಣಗರಿ, ಹಾಸಿ ಅವನನ್ನು ಒಯ್ದರು. ಹಳ್ಳದ ತಿರುವಿನಲ್ಲಿ ಟ್ರಾಲಿ ಕುಪ್ಪಳಿಸಿದಾಗ ಹಿಂದಿನಿಂದ ಯಾರೋ ರೂಢಿಬಲದಿಂದ, "ಹುಷಾರ್ರೆಪಾ, ಮಾಲು ಬಿದ್ದೀತು" ಅಂದರು.

ಆ ಒಂದು ಮಾತು ಧರೆಪ್ಪನಿಂದ ಊರಿಗೆ ಒಂದು ವಾಹನ ಕೊಡಿಸಿತು. ಅಪ್ಪನ ಹೆಸರನ್ನು ಜನ ಒಮ್ಮೆಯಾದರೂ ಬಯ್ಯದೆ ಎತ್ತಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಹಳೆಯ ವ್ಯಾನೊಂದನ್ನು ಕೊಂಡು, ನಿಪ್ಪಾಣಿಯಲ್ಲಿ ಗಾಜು ಕೂರಿಸಿ, ಬಿಳಿ ಬಣ್ಣ ಹೊಡೆಸಿ, ಎರಡೂ ಮಗ್ಗುಲಿಗೆ 'ಸ್ವರ್ಗರಥ' ಎಂದೂ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ 'ದಿವಂಗತ ಸತ್ಯಪ್ಪನವರ ಸ್ಮರಣಾರ್ಥ' ಎಂದೂ ಬರೆಸಿದ. ಒಳಗೆ ಡ್ರೈವರನ ಬೆನ್ನಿನ ಹಿಂದೆ ಸತ್ಯಪ್ಪನ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹಾರ, ಮುಂದೊಂದು ಕೆಂಪು ದೀಪ. ಫೋಟೋದಲ್ಲಿ ಸತ್ಯಪ್ಪ ಯಾರೋ ಏನೋ ಕೇಳಲು ಬಂದಿದ್ದಾರೆಂಬ ಮುಖ ಮಾಡಿದ್ದ. ಒಳಗೆ ಮಲಗಿದವರು ಅಕಸ್ಮಾತ್ ಕಣ್ಣು ತೆರೆದರೆ ಮತ್ತೆ ಮುಚ್ಚಿಕೊಳ್ಳಲು ಆ ಮುಖವೇ ಸಾಕು.

ಅರ್ಪಣೆಯ ದಿನ ಅಂತ್ಯಯಾತ್ರಾ ಸಮಿತಿಯ ಅಧ್ಯಕ್ಷ ಭೂಪಾಲ ಮೈಕು ಹಿಡಿದು, "ಈ ಗಾಡಿಯ ಲಾಭವನ್ನು ಊರಿನ ಪ್ರತಿಯೊಬ್ಬರೂ ಲಗೂನ ಪಡಕೋಬೇಕಂತ ವಿನಂತಿ ಮಾಡ್ಕೋತೀನಿ" ಎಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಲಾಭ ಪಡೆದ ಮೊದಲಿಗರು ಹಾಲೇಶ ಮಾಸ್ತರರು. ಜೀವಮಾನದಲ್ಲಿ ಒಂದು ದಿನ ಶಾಲೆಗೆ ತಡವಾಗಿ ಹೋದವರಲ್ಲ. ಅವರನ್ನು ಮಲಗಿಸಿ, ಹಿಂದಿನ ಬಾಗಿಲು ಹಾಕಿ, ಧರೆಪ್ಪ ಮುಂದೆ ಕೂತು ಗಂಭೀರವಾಗಿ ಚಾವಿ ತಿರುಗಿಸಿದ.

'ಟಕ್' ಅಂದಿತು.

ಮತ್ತೆ ತಿರುಗಿಸಿದ. 'ಟಕ್'. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕಿವಿಗೊಟ್ಟರು. ಆ ಸ್ತಬ್ಧತೆಯಲ್ಲಿ ಮಾಸ್ತರರ ಹಿರಿಯ ಮಗನ ದನಿ ಎಲ್ಲರಿಗೂ ಕೇಳಿಸಿತು: "ಅಪ್ಪಾಗ ತಡಾ ಆದ್ರ ಆಗ್ತಿದ್ದಿಲ್ಲರಿ."

ಹಿಂದಿನಿಂದ ನೂಕಿದರು. ಮಾಸ್ತರರನ್ನು ಹೊಳೆಯವರೆಗೂ ಹೆಚ್ಚುಕಡಿಮೆ ಅವರ ಹಳೆಯ ವಿದ್ಯಾರ್ಥಿಗಳೇ ನೂಕಿಕೊಂಡು ಹೋದರು. ಹೊತ್ತಿದ್ದರೆ ಮಾಸ್ತರರಷ್ಟೇ ಭಾರ. ಈಗ ಮಾಸ್ತರರ ಸಂಗಡ ಒಂದು ವ್ಯಾನು. ಅಂದಿನಿಂದ ಊರು ಗಾಡಿಗೆ ಬೇರೆ ಹೆಸರು ಹುಡುಕಲಿಲ್ಲ. 'ಸತ್ಯಪ್ಪ ನಿಂತ', 'ಸತ್ಯಪ್ಪನ್ನ ನೂಕ್ರಿ' ಎಂದೇ ರೂಢಿಯಾಯಿತು. ಹೊಳೆದಂಡೆಯಲ್ಲಿ ಕೈ ತೊಳೆಯುತ್ತ ಒಬ್ಬ, "ಇದ್ದಾಗೂ ಊರಿಗೆ ಆಗಲಿಲ್ಲ ಸತ್ಯಪ್ಪ, ಈಗ ಸುದ್ದಾ ಆಗವಲ್ಲ" ಅಂದ. ಧರೆಪ್ಪ ಪಕ್ಕದಲ್ಲೇ ಕಾಲು ತೊಳೆಯುತ್ತಿದ್ದ.

ಹೊಸ ಬ್ಯಾಟರಿ ಹಾಕಿಸಿದ. ಮುಂದಿನ ಸಾವಿಗೆ ಅದೂ 'ಟಕ್' ಅಂದಿತು.

ಭೂಪಾಲ ಸಮಿತಿಯ ಸಭೆ ಕರೆದ. ಸಭೆಯೆಂದರೆ ಚಹಾದ ಅಂಗಡಿಯ ಬೆಂಚು.

"ಧರೆಪ್ಪಣ್ಣಾ, ಸಿಟ್ಟಾಗಬ್ಯಾಡ. ಬ್ಯಾಟರಿ ಹೊಸಾದು, ಎಂಜಿನ್ ಚಲೋ ಐತಿ. ಉಳದದ್ದು ಏನು? ಹೆಸರು."

"ಹೆಸರು ಏನ್ ಮಾಡ್ತೈತ್ರಿ ಗಾಡಿಗೆ?"

"ನೀನ ವಿಚಾರ ಮಾಡು. ನಿಮ್ಮಪ್ಪ ಕೊಟ್ಟದ್ದು ಯಾರಿಗರೆ ದಕ್ಕೈತೇನು? ಇನ್ನೊಮ್ಮೆ ನಿಂತ್ರ ಆ ಹೆಸರು ಅಳಿಸಿ ಬ್ಯಾರೆ ಬರಸೂದು. ನಮ್ಮವ್ವನ ಹೆಸರು ಇಟ್ಟು ನೋಡೂಣು. ಆಕಿ ಭಾಳ ಚಟುವಟಿಕಿ ಇದ್ದಳು."

ಎಲ್ಲರೂ ತಲೆಯಾಡಿಸಿದರು. ಭೂಪಾಲನ ತಾಯಿಯ ನಾಲಿಗೆ ಎಷ್ಟು ಚಟುವಟಿಕೆಯಾಗಿತ್ತೆಂಬುದು ಊರಿಗೆ ಗೊತ್ತಿತ್ತು.

ಹೀಗೆ ಧರೆಪ್ಪ ಬ್ಯಾಟರಿ ಕುಡಿಯುವ ಕಳ್ಳನ ಬೆನ್ನು ಹತ್ತಿದ. ಕಳ್ಳನನ್ನು ತೋರಿಸಲು ಜನರಿಗೆ ಕೊರತೆಯಿರಲಿಲ್ಲ. ಮಠದ ಅಯ್ಯನವರು ಗಾಡಿಯನ್ನು ಒಂದು ಸುತ್ತು ಹಾಕಿ, "ಮಾಸ್ತರರ ಆತ್ಮ ಇಳದೇ ಇಲ್ಲ. ಒಳಗ ಕುಂತು ಹಾಜರಿ ತಗೊಳ್ಳಾಕತ್ತೈತಿ" ಎಂದು ಬ್ಯಾಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಪಕ್ಕದ ಮನೆಯ ಸಂಗ್ರಾಮ ಆಯುಷ್ಯವೆಲ್ಲ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ವಾಹನಗಳ ಬಗ್ಗೆ ಅವನಿಗೆ ಅನುಮಾನವೇ ಇರುತ್ತಿರಲಿಲ್ಲ.

"ಇಲಿ, ಧರೆಪ್ಪಾ, ಇಲಿ. ವೈರ್ ಕಡದು ಕರೆಂಟ್ ಸೋರಾಕತ್ತೈತಿ. ಒಳಗೊಂದು ಬೆಕ್ಕು ಬಿಡು."

ಬೆಕ್ಕು ಬಿಟ್ಟ. ಬೆಳಿಗ್ಗೆ ಹಾಲು ತರಲು ಹೋದವರಿಗೆ ಸ್ವರ್ಗರಥದ ಗಾಜಿಗೆ ಮೂತಿ ಒತ್ತಿಕೊಂಡು ಹಲ್ಲು ಕಿರಿಯುತ್ತಿದ್ದ ಪ್ರಾಣಿ ಕಾಣಿಸಿತು. ಸತ್ಯಪ್ಪ ಬೆಕ್ಕಾಗಿ ಹುಟ್ಟಿ ಬಂದಿದ್ದಾನೆ, ಮುಖ ಥೇಟ್ ಅದೇ ಎಂಬ ಸುದ್ದಿ ಬಿಸಿಲೇರುವ ಮೊದಲೇ ಊರ ಕೊನೆ ಮುಟ್ಟಿತು. ಇನ್ನು ಕೆಲವರು ಹೆಚ್ಚು ವಿವೇಕಿಗಳು. ಕರೆಂಟು ಹೋದಾಗ ಧರೆಪ್ಪನ ಮನೆಯಲ್ಲಿ ಟೀವಿ ನಡೆಯುವುದು ಹೆಣದ ಗಾಡಿಯ ಬ್ಯಾಟರಿಯ ಮೇಲೇ ಎಂದು ಅವರು ಕಣ್ಣು ಮಿಟುಕಿಸಿದರು. ಧರೆಪ್ಪನ ಮನೆಯಲ್ಲಿ ಟೀವಿ ಕೆಟ್ಟು ವರ್ಷವಾಗಿತ್ತು.

ಕೊನೆಗೆ ನಿಪ್ಪಾಣಿಯ ಗ್ಯಾರೇಜಿಗೆ ಒಯ್ದ. ಮೇಸ್ತ್ರಿ ತನ್ನ ಗಿರಾಕಿಗಳು ಹೆದರುತ್ತಾರೆಂದು ಗಾಡಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ದೂರದಿಂದಲೇ ನೋಡಿ, "ಇದಕ್ಕ ರೋಗಾ ಇಲ್ರಿ ಮಾಲಕ್ರ. ನಿಂತು ನಿಂತು ಜಡ್ಡು ಹಿಡದೈತಿ. ದಿನಾ ಓಡಸ್ರಿ" ಎಂದು ಕೈಮುಗಿದ. ಧರೆಪ್ಪ ಆ ನಮಸ್ಕಾರ ತನಗೆಂದು ತಿಳಿದ.

ದಿನಾ ಓಡಿಸುವ ವ್ರತ ಆರಂಭವಾಯಿತು. ಮನೆಯ ಮುಂದೆ ಇಳಿಜಾರು. ಗಾಡಿಯನ್ನು ಉರುಳಿಬಿಟ್ಟು ಗೇರು ಹಾಕಿದರೆ ಕೆಮ್ಮಿ ಹತ್ತುತ್ತಿತ್ತು. ಧರೆಪ್ಪ ಅದರಲ್ಲೇ ಹೊಲಕ್ಕೆ ಹೋದ, ಹಿಟ್ಟಿನ ಗಿರಣಿಗೆ ಹೋದ, ಡೇರಿಗೆ ಹಾಲು ಹಾಕಿ ಬಂದ. ಎದುರು ಬಂದವರು ಸೈಕಲ್ಲಿನಿಂದ ಇಳಿದು ಟೊಪ್ಪಿಗೆ ತೆಗೆದರು. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದುಕೊಂಡೇ ಎದ್ದು ನಿಂತರು.

"ಯಾರ್ರಿ ಹೋದವರು?"

"ಯಾರೂ ಇಲ್ರಿ. ಖಾಲಿ ಹೊಂಟೀನಿ."

"ಖಾಲಿ? ಹಂಗಾರ ಯಾರನ್ನ ತರಾಕ ಹೊಂಟೀರಿ?"

"ಯಾರನ್ನೂ ಇಲ್ರಿ. ಸುಮ್ನ ಅಡ್ಡಾಡಾಕ."

ಹೆಣದ ಗಾಡಿ ಸುಮ್ಮನೆ ಅಡ್ಡಾಡುತ್ತದೆಂಬ ಮಾತನ್ನು ಯಾರೂ ನಂಬಲಿಲ್ಲ. ಅದು ಯಾವ ಓಣಿಗೆ ಹೊಕ್ಕಿತೋ ಆ ಓಣಿಯವರು ತಮ್ಮ ಮನೆಯ ಮುದುಕರನ್ನು ಎಣಿಸಿ ನೋಡಿಕೊಂಡರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕ ಧಡಕ್ಕನೆ ಎದ್ದು ಕಟ್ಟೆಯ ಮೇಲೆ ಬಂದು ಕೂತ. ಗಾಡಿ ದಾಟಿ ಹೋಗುವವರೆಗೆ ಗಟ್ಟಿಯಾಗಿ ಅಡಿಕೆ ಜಗಿಯುತ್ತ ತನ್ನ ಆರೋಗ್ಯ ಪ್ರದರ್ಶಿಸಿದ. ಧರೆಪ್ಪ ಮಾತ್ರ ಎಲ್ಲರಿಗೂ ಕೈಯೆತ್ತಿ ನಗುತ್ತ ಸಾಗಿದ. ಅದು ಇನ್ನೂ ಕೆಟ್ಟದಾಗಿ ಕಾಣಿಸಿತು.

ಹೀಗಿರಲು ಒಂದು ಸಂಜೆ ಕೆಳಗಿನ ಓಣಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಧರೆಪ್ಪ ಬ್ರೇಕು ತುಳಿದ. ಎಂಜಿನು ಆರಿತು. ಚಾವಿ ತಿರುಗಿಸಿದರೆ 'ಟಕ್'. ತಲೆಯೆತ್ತಿ ನೋಡಿದರೆ ಗಾಡಿ ನಿಂತದ್ದು ಸರಿಯಾಗಿ ಹೊಳೆವ್ವನ ಬಾಗಿಲಿಗೆ.

ಹೊಳೆವ್ವ ಊರಿನ ಹಿರಿಯ ಜೀವ. ವಾರದಿಂದ ಚಳಿಜ್ವರ ಬಂದು ಮಲಗಿದ್ದಳು. ಅವಳ ಮಗ ದುಂಡೇಶ ಹೊರಗೆ ಬಂದವನು ಗಾಡಿಯನ್ನೂ ಧರೆಪ್ಪನನ್ನೂ ನೋಡಿ ಕೆಂಪಾದ.

"ಧರೆಪ್ಪಣ್ಣಾ, ಡಾಕ್ಟರ್ ಸುದ್ದಾ ಏನೂ ಅಂದಿಲ್ಲ. ನಿನಗ್ಯಾರು ಹೇಳಿದ್ರು?"

"ನಿಂತೈತೋ ಮಾರಾಯಾ. ಒಂದೀಟು ನೂಕ್ರಿ, ಹೋಗ್ತೀನಿ."

ಜನ ಸೇರಿದರು. ಆದರೆ ಒಂದು ಕೈಯೂ ಮುಂದೆ ಬರಲಿಲ್ಲ. ಮಾಸ್ತರರನ್ನು ನೂಕಿದವರೇ ಈಗ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡರು. ಹೆಣವಿದ್ದಾಗ ನೂಕಿದರೆ ಪುಣ್ಯ. ಖಾಲಿ ಇದ್ದಾಗ ಕೈ ಹಚ್ಚಿದರೆ ಒಳಗೆ ಜಾಗ ಹಿಡಿದಂತೆ. ಇದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ಆದರೆ ಅಲ್ಲಿದ್ದವರೆಲ್ಲ ಅದನ್ನು ತಿಳಿದುಕೊಂಡೇ ಹುಟ್ಟಿದಂತಿತ್ತು.

ಧರೆಪ್ಪ ಕಂಗಾಲಾಗಿ, "ಹಂಗಾರ ನಾನ ಒಳಗ ಮಲಗ್ತೀನಿ. ಆಗರೆ ನೂಕ್ತೀರೋ ಇಲ್ಲೋ?" ಅಂದ.

ಜನ ಇದನ್ನು ಗಂಭೀರವಾಗಿ ವಿಚಾರ ಮಾಡಿದರು. ಒಪ್ಪಿಗೆಯೂ ಬರುವುದರಲ್ಲಿತ್ತು. ಅಷ್ಟರಲ್ಲಿ ಸಂಗ್ರಾಮ, "ನೀ ಮಲಗಿದ್ರ ಸ್ಟೇರಿಂಗ್ ಯಾರು ಹಿಡೀತಾರ? ನಾ ಅಂತೂ ಜೀವಂತ ಹೆಣಾ ಹಾಕ್ಕೊಂಡು ಗಾಡಿ ಹೊಡೆಯಾಂವಲ್ಲ" ಅಂದುಬಿಟ್ಟ. ಗಾಡಿ ಅಲ್ಲೇ ಉಳಿಯಿತು.

ಯಾರು ಫೋನು ಮಾಡಿದರೆಂಬುದು ಇಂದಿಗೂ ಪತ್ತೆಯಿಲ್ಲ. ಮಾಡಿದವರು ಸುಳ್ಳನ್ನೂ ಹೇಳಿರಲಿಕ್ಕಿಲ್ಲ. 'ಹೊಳೆವ್ವನ ಬಾಗಲಾಗ ಸತ್ಯಪ್ಪ ಬಂದು ನಿಂತಾನ' ಎಂದಷ್ಟೇ ಅಂದಿರಬೇಕು. ಮರುದಿನ ಬೆಳಗಾಗುತ್ತಲೇ ರಾಯಬಾಗದಿಂದ ತಂಗಿಯ ಮಕ್ಕಳು ಹಾರ ಹಿಡಿದು ಬಂದರು. ಗಡಿಯಾಚೆಯಿಂದ ಬಂದ ಅಳಿಯನೊಬ್ಬ ಜೀಪಿನಿಂದ ಇಳಿಯುತ್ತಲೇ ದುಂಡೇಶನನ್ನು ತಬ್ಬಿ, "ಆಯಿ ಗೇಲಿ!" ಎಂದು ಮರಾಠಿಯಲ್ಲಿ ಗೋಳಿಟ್ಟ. ಅವ್ವ ಹೋಗಿಲ್ಲ, ಒಳಗೆ ಗಂಜಿ ಕುಡಿಯುತ್ತಿದ್ದಾಳೆ ಎಂದು ಹೇಳಲು ದುಂಡೇಶನಿಗೆ ಆ ತೆಕ್ಕೆಯಲ್ಲಿ ಉಸಿರೇ ಸಿಗಲಿಲ್ಲ.

ಕಾಗವಾಡದಿಂದ ಬಂದ ಮಗಳು ದೀಪಾಲಿ ಓಣಿಯ ತಿರುವಿನಿಂದಲೇ ಹಾಡಿ ಅಳಲು ಶುರುಮಾಡಿದಳು. ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವುದು ಈ ಕಡೆಯ ಮರ್ಯಾದೆ.

"ನನ್ನ ಹಡದವ್ವಾ, ಬೆಲ್ಲದಂಥ ಮಾತಿನಾಕಿ, ಹಬ್ಬಕ್ಕೊಂದು ಇರಕಲ್ಲ ಸೀರಿ ಉಡಿಸಿದಾಕೀ..."

ಒಳಗಿನಿಂದ ದನಿ ಬಂತು: "ಯಾವ ಹಬ್ಬಕ್ಕ ಉಡಿಸಿದ್ನೇ? ಹೋದ ವರ್ಷ ಸೀರಿ ಸಲುವಾಗಿ ಮುಖಾ ತಿರುವಿಕೊಂಡು ಹೋದಾಕಿ ನೀನ ಅಲ್ಲೇನು?"

ದೀಪಾಲಿಯ ಹಾಡು ಅರ್ಧಕ್ಕೆ ನಿಂತಿತು. ಹೊಳೆವ್ವ ಕಂಬಳಿ ಹೊದ್ದು, ಕೋಲೂರಿ ಹೊಸ್ತಿಲಿಗೆ ಬಂದು, ಅಂಗಳ ತುಂಬ ನೆರೆದ ಬಂಧುಬಳಗವನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು.

"ಎಲ್ಲಾರೂ ಬಂದೀರಿ, ಚಲೋ ಆತು. ಬುತ್ತಿ ಯಾರು ತಂದೀರಿ?"

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು, ಸುದ್ದಿ ನಂಬಿದ ಮೇಲಿನ ಓಣಿಯವರು ರೊಟ್ಟಿ, ಝುಣಕ, ಅನ್ನ, ಸಾರು ಮಾಡಿ ತಂದಿದ್ದರು. ತಿರುಗಿ ಒಯ್ಯುವುದು ಅಪಶಕುನ. ಹೊಳೆವ್ವ ತನ್ನ ಸಾವಿನ ಊಟಕ್ಕೆ ತಾನೇ ಮೊದಲು ಕೂತಳು. ಝುಣಕಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ತಂದವಳನ್ನು ಕರೆಸಿ ಹೇಳಿದಳು. ಜ್ವರ ಆ ಊಟದೊಂದಿಗೇ ಇಳಿಯಿತು.

ಇತ್ತ ಧರೆಪ್ಪ ಗಾಡಿಯ ಮರೆಯಲ್ಲಿ ನಿಂತಿದ್ದ. ಭೂಪಾಲ ಬಣ್ಣದವನನ್ನು ಕರೆದುಕೊಂಡೇ ಬಂದಿದ್ದ. ಬಣ್ಣದವನು ಸತ್ಯಪ್ಪನ ಹೆಸರಿನ ಮೇಲೆ ಗೇಣು ಹಾಕಿ ಅಳೆಯತೊಡಗಿದ್ದ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ ಹೊಳೆವ್ವ ಧರೆಪ್ಪನನ್ನು ಕೋಲಿನಿಂದ ತಿವಿದಳು.

"ಏ ಧರ್ಯಾ, ನಿನ್ನ ಗಾಡಿ ನಿಲ್ಲಲಿ ಬಿಡು. ಅದರಾಗಿನ ಕೆಂಪು ದೀಪಾ ಯಾಕ ಹಚ್ಚಿ ಹೋದಿ? ನಿನ್ನೆ ಸಂಜಿಂದ ಕಿಡಕ್ಯಾಗ ನನ್ನ ಕಣ್ಣಿಗೇ ಹೊಡ್ಯಾಕತ್ತಿತ್ತು. ಮುಂಜಾನಿ ಮಿಣಿಮಿಣಿ ಅಂದು ಈಗ ಆರೇತಿ."

"ಅದು ಅಪ್ಪನ ಮುಂದಿನ ದೀಪಾ ಬೇ. ನಾ ಹಚ್ಚೂದೂ ಇಲ್ಲ, ಆರಸೂದೂ ಇಲ್ಲ. ಚಾವಿ ತಗದ್ರೂ ಉರೀಬೇಕಂತ ಡೈರೆಕ್ಟ್ ಕೊಡಿಸೀನಿ. ನಂದಾದೀಪ ಇದ್ದಂಗ."

"ಹಂಗಾರ ಅದಕ್ಕ ಎಣ್ಣಿ ಯಾರು ಹಾಕ್ತಾರ?"

"ಎಣ್ಣಿ ಯಾಕ ಬೇಕು, ಯಮ್ಮಾ? ಕರೆಂಟಿನ ಮ್ಯಾಲ ಉರೀತೈತಿ."

"ಆ ಕರೆಂಟ್ ಎಲ್ಲಿಂದ ಬರ್ತೈತಿ?"

"ಬ್ಯಾಟರ್‍ಯಾಗಿಂದ..." ಎಂದು ಧರೆಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ.

ಸಂಗ್ರಾಮ ಆಕಾಶದ ಕಡೆ ನೋಡಿ, ಮಳೆ ಬರುವ ಹಾಗಿದೆ ಅಂದ. ಒಂದು ಮೋಡವೂ ಇರಲಿಲ್ಲ. ಅಯ್ಯನವರು ಬ್ಯಾಟರಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಯಾರಿಗೂ ಕಾಣದಂತೆ ಬಿಚ್ಚಿಕೊಂಡರು. ಬಣ್ಣದವನು, "ಅಳತಿ ತಗೋಬೇಕೋ ಬ್ಯಾಡ್ರೋ?" ಎಂದು ಕೇಳಿದ.

"ಸದ್ಯೇಕ ಬ್ಯಾಡ," ಎಂದ ಭೂಪಾಲ, ಕೈಗೆ ಬಂದದ್ದು ಜಾರಿದವನಂತೆ. "ಇವನೌನ, ಹಂಗಂತ ಸುಮ್ನ ನಂಬಾಂವಲ್ಲ ನಾ. ಮುಂದಿನ ಹೆಣಾ ಒಯ್ಯೂವಾಗ ಚಾವಿ ತಿರುವಿದ ಕೂಡ್ಲೆ ಹತ್ತಬೇಕು. ಹತ್ತಿದ್ರ ನಿಮ್ಮಪ್ಪನ ಹೆಸರು. ಇಲ್ಲಾಂದ್ರ ನಮ್ಮವ್ವನ ಹೆಸರು."

ದುಂಡೇಶ ತನ್ನ ಬಾಗಿಲು ಖಾಲಿಯಾದರೆ ಸಾಕೆಂದು ಟ್ರ್ಯಾಕ್ಟರ್ ತಂದು ಅದರ ಬ್ಯಾಟರಿಯಿಂದ ವೈರು ಕೊಟ್ಟ. ಗಾಡಿ ಮನೆ ಮುಟ್ಟಿತು.

ಮನೆಯಲ್ಲಿ ಧರೆಪ್ಪನಿಗೆ ಇನ್ನೊಂದು ಗಂಡಾಂತರ ಕಾದಿತ್ತು. ತಾಯಿ ಕಸ್ತೂರೆವ್ವನಿಗೆ ಗಂಡನ ಮುಂದಿನ ದೀಪ ತೆಗೆಯಬೇಕೆಂದು ಹೇಳುವುದು ಹೇಗೆ? ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಧರೆಪ್ಪ ಅವಳ ಸುತ್ತ ಸುಳಿದಾಡಿ, ಕೆಮ್ಮಿ, ಮೊರದಲ್ಲಿದ್ದ ಕಲ್ಲನ್ನು ಆರಿಸಿಕೊಟ್ಟು, ಕೊನೆಗೆ ವಿಷಯ ಹೇಳಿದ. ಬೇಕಾದರೆ ಮನೆಯಿಂದ ವೈರು ಎಳೆದು ಆ ದೀಪವನ್ನು ಉರಿಸೋಣವೆಂದೂ ಸೇರಿಸಿದ.

ಕಸ್ತೂರೆವ್ವ ಮೊರ ಕೆಳಗಿಟ್ಟಳು.

"ಅದು ದಿನಾ ಉರೀತಿತ್ತೇನು?"

"ಹೂಂ ಬೇ."

"ಹಗಲಿ ಸುದ್ದಾ?"

"ಹಗಲಿ ಸುದ್ದಾ."

ಕಸ್ತೂರೆವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಾಳೆಂದು ತಿಳಿದು ಧರೆಪ್ಪ ಗಾಬರಿಯಾದ. ಅವಳು ನಗುತ್ತಿದ್ದಳು.

"ಯಪ್ಪಾ, ಆಂವಾ ಇದ್ದಿದ್ರ ನಿನ್ನ ಕೈ ಮುರೀತಿದ್ದ. ಲಗ್ನಾಗಿ ಬಂದಾಗಿಂದ ನಾ ಬೆಳಕಿನಾಗ ಉಂಡಾಕಿ ಅಲ್ಲ. ನಾ ತಾಟಿನ ಮುಂದ ಕುಂತ್ನೆಂದ್ರ ಬಂದು ಲೈಟ್ ಆರಸ್ತಿದ್ದ. 'ಬಾಯಿ ಎಲ್ಲೈತಂತ ನಿನಗ ಗೊತ್ತಿಲ್ಲೇನು?' ಅಂತಿದ್ದ. ಅಂಥಾವನ ಮುಂದ ಹಗಲು ಹೊತ್ತಿನ್ಯಾಗ ದೀಪಾ ಹಚ್ಚಿ ಕುಂದ್ರಿಸೀಯಲ್ಲೋ! ಆಂವಾ ಗಾಡಿ ನಡೆಯಾಕ ಬಿಟ್ಟಾನೇನು?"

ಎದ್ದು ಹೋಗಿ, ಮಗನ ಕೈ ಹಿಡಿದು ಸ್ವರ್ಗರಥ ಹತ್ತಿ, ಫೋಟೋದ ಮುಂದಿನ ದೀಪವನ್ನು ವೈರು ಸಮೇತ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು. ಇಳಿಯುವ ಮೊದಲು ಫೋಟೋದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

ಅಂದಿನಿಂದ ಗಾಡಿ ಚಾವಿ ಮುಟ್ಟಿದರೆ ಹತ್ತತೊಡಗಿತು. ಆದರೆ ಅದನ್ನು ಊರಿಗೆ ತೋರಿಸಲು ಒಂದು ಸಾವು ಬೇಕಿತ್ತು. ಊರೋ, ಹಟ ಹಿಡಿದಂತೆ ಗಟ್ಟಿಯಾಗಿ ಕೂತಿತು. ಮಳೆಗಾಲ ಹೋಯಿತು, ಚಳಿ ಬಂತು, ಕೆಮ್ಮಿದವರೆಲ್ಲ ಚೇತರಿಸಿಕೊಂಡರು. ಧರೆಪ್ಪ ಭೇಟಿಯಾದವರನ್ನೆಲ್ಲ, "ಆರಾಮ ಅದೀರ್‍ಯಾ?" ಎಂದು ಕೇಳತೊಡಗಿದ. ಜನ "ನಿನಗ್ಯಾಕ ಬೇಕೋ?" ಎಂದು ಹಲ್ಲು ಕಡಿದರು. ಹೊಳೆವ್ವ ಮಾತ್ರ ಬಾಗಿಲಲ್ಲಿ ಕೂತು, "ನನ್ನ ನೋಡಬ್ಯಾಡ, ನಾ ಒಮ್ಮೆ ಉಂಡು ಮುಗಿಸೀನಿ" ಅನ್ನುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಕಸ್ತೂರೆವ್ವ ಚಹಾದ ಬಟ್ಟಲು ಮಗ್ಗುಲಿಗಿಟ್ಟು, ಗೋಡೆಗೊರಗಿದವಳು, ಹಾಗೇ ಇದ್ದುಬಿಟ್ಟಳು.

ಸುಗ್ಗಿಯ ದಿನವೇ, ಆದರೂ ಜನ ಸೇರಿದರು. ಎಲ್ಲರ ಒಂದು ಕಣ್ಣು ಕಸ್ತೂರೆವ್ವನ ಮೇಲೆ, ಇನ್ನೊಂದು ಗಾಡಿಯ ಮೇಲೆ. ಧರೆಪ್ಪ ಬೆಂಕಿಯ ಮಡಿಕೆ ಹಿಡಿದು ಮುಂದೆ ನಡೆಯಬೇಕಾದ ಮಗ, ಚಾವಿ ಹಿಡಿಯುವಂತಿರಲಿಲ್ಲ. ಅದನ್ನು ಸಂಗ್ರಾಮನ ಕೈಗೆ ಕೊಟ್ಟ. ಕೊಡುವಾಗ ಒಂದು ಕ್ಷಣ ಬಿಡಲೇ ಇಲ್ಲ; ಸಂಗ್ರಾಮ ಬೆರಳು ಬಿಡಿಸಿ ತೆಗೆದುಕೊಳ್ಳಬೇಕಾಯಿತು.

ಕಸ್ತೂರೆವ್ವನನ್ನು ಗಂಡನ ಫೋಟೋದ ಕೆಳಗೆ ಮಲಗಿಸಿದರು. ಅಳುತ್ತಿದ್ದ ಹೆಂಗಸರು ತಾವಾಗಿಯೇ ಸುಮ್ಮನಾದರು. ಭೂಪಾಲ ಕತ್ತು ಉದ್ದ ಮಾಡಿದ.

ಚಾವಿ ತಿರುಗಿತೋ ಇಲ್ಲವೋ, ಎಂಜಿನು ಹತ್ತಿತು. ಮಡಿಕೆಯ ಹೊಗೆಯಲ್ಲಿ ಧರೆಪ್ಪನ ಮುಖ ಹೇಗಿತ್ತೆಂದು ಯಾರಿಗೂ ಕಾಣಲಿಲ್ಲ.

ಕೋಲೂರಿ ನಿಂತಿದ್ದ ಹೊಳೆವ್ವ ಅಂದಳು: "ಕಸ್ತೂರಿ ಯಡೂರ ಜಾತ್ರಿಗೆ ಹೋದ್ರೂ ಅವನ ಬಂಡಿ ಹಿಂದ ನಡಕೋತ ಹೋಗ್ತಿದ್ಳು, ಎತ್ತಿಗೆ ಭಾರ ಆಕ್ಕೈತಂತ. ಇವತ್ತರೆ ಕುಂಡ್ರಿಸ್ಕೊಂಡ ನೋಡ್ರೆ, ಸತ್ಯಪ್ಪ."

ಯಾರೂ ನ‌ಗಲಿಲ್ಲ. ಒಬ್ಬಿಬ್ಬರು ಗಾಡಿಗೆ ಕೈಮುಗಿದರು. ಭೂಪಾಲನೂ, ಎಲ್ಲರೂ ಮುಗಿಯುತ್ತಿದ್ದಾರೆಂದು, ಮುಗಿದ.

ಧರೆಪ್ಪ ಮುಂದೆ, ಗಾಡಿ ಅವನ ಹಿಂದೆ, ಊರು ಗಾಡಿಯ ಹಿಂದೆ, ಇಳಿಜಾರಿನಲ್ಲಿ ನಿಧಾನವಾಗಿ ಹೊರಟರು. ಆದರೆ ಸಂಗ್ರಾಮ ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ಮುಂದೆ ಒಬ್ಬ ಮನುಷ್ಯ ನಡೆಯುತ್ತಿದ್ದರೆ ಅವನ ಹಿಂದೆ ಹೋಗುವುದನ್ನು ಯಾರೂ ಕಲಿಸಿರಲಿಲ್ಲ. ಹಳ್ಳದ ತಿರುವಿನಲ್ಲಿ ತನಗೇ ತಿಳಿಯದೆ ಹಾರ್ನು ಹೊಡೆದ. ಧರೆಪ್ಪ ಬೆಚ್ಚಿ, ಮಡಿಕೆ ಸಮೇತ ಬದಿಗೆ ಜಿಗಿದ. ದಾರಿ ಸಿಕ್ಕಿತೆಂದು ಗಾಡಿ ಅವನನ್ನು ದಾಟಿ ಹೋಯಿತು.

"ಏ, ನಿಲ್ಲೋ! ಬೆಂಕಿ ಇಲ್ಲೇ ಉಳೀತು!" ಎಂದು ಭೂಪಾಲ ಕೂಗಿದ.

ಧರೆಪ್ಪ ಮಡಿಕೆ ಎದೆಗೆ ಹಿಡಿದು ಓಡಿದ. ಊರು ಅವನ ಹಿಂದೆ ಓಡಿತು. ಎರಡೂ ಬದಿಯ ಕಬ್ಬಿನಲ್ಲಿ ಕಡಿಯುವವರು ಕುಡುಗೋಲು ನಿಲ್ಲಿಸಿ ನೋಡಿದರು. ಬಿಳಿಯ ಗಾಡಿ ಹೊಳೆಯ ಕಡೆಗೆ ಸರಾಗವಾಗಿ ಹೋಗುತ್ತಿತ್ತು, ಅದರ ಹಿಂದೆ ಇಡೀ ಬೇಡಕಿಹಾಳ ಏದುಸಿರು ಬಿಡುತ್ತ, "ನಿಲ್ಲು, ಸತ್ಯಪ್ಪಾ! ಯಪ್ಪಾ ಸತ್ಯಪ್ಪಾ, ಒಂದೀಟು ನಿಲ್ಲಪಾ!" ಎಂದು ಬೇಡಿಕೊಳ್ಳುತ್ತ ಓಡುತ್ತಿತ್ತು.

ಅಂದು ಸತ್ಯಪ್ಪ ನಿಲ್ಲಲಿಲ್ಲ.